ತಿರುಗಿದ ತಟ್ಟೆ

ಸರ್ಕಾರದ ತಪಾಸಣೆಯವರೆಂದರೆ ನನಗೆ ಮೈಯೆಲ್ಲ ಉರಿ. ಲಾನ್ಸೆಸ್ಟನ್ನಿನ ನಮ್ಮ ವಂಶವಾಹಿ ಪರೀಕ್ಷೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ಸವೆಸಿದವನು ನಾನು. ನನಗೆ ಕೆಲಸ ಕಲಿಸಲು ರಾಜಧಾನಿ ಹೋಬಾರ್ಟಿನಿಂದ ಬರಬೇಕೆ? ಅದೂ ಆ ಸೋಮವಾರ ನನ್ನ ತಲೆ ನೆಟ್ಟಗಿರಲಿಲ್ಲ. ಗುರುವಾರ ನನ್ನ ತಂಗಿ ಗ್ಲೆನಿಸ್‌ಗೆ ಎರಡೂ ಸ್ತನ ತೆಗೆಯುವ ಆಪರೇಷನ್. ಅಮ್ಮನನ್ನು ಕೊಂದ ಕ್ಯಾನ್ಸರಿನ ದೋಷ ಅವಳ ರಕ್ತದಲ್ಲೂ ಇದೆಯೆಂದು ನಮ್ಮ ಲ್ಯಾಬೇ ವರದಿ ಕೊಟ್ಟಿತ್ತು.

ನಮ್ಮಲ್ಲಿ ಹತ್ತಕ್ಕೆ ಚಹಾ ಎಂದರೆ ಹತ್ತಕ್ಕೇ. ರಕ್ತದ ಮಾದರಿಗಳ ತಟ್ಟೆಯನ್ನು ಯಂತ್ರದ ಪಕ್ಕ ಇಟ್ಟು ಎದ್ದುಬಿಡುತ್ತೇವೆ, ಬಂದ ಮೇಲೆ ಒಳಗೆ ಹಾಕುತ್ತೇವೆ. ತಪಾಸಣೆಗೆ ಬಂದಿದ್ದ ಹಲೀನಾ ವೋಜ್ನಿಯಾಕ್ ಚಹಾಕ್ಕೆ ಬರಲಿಲ್ಲ. ನಾನು ಮರಳಿದಾಗ ಆ ತಟ್ಟೆಯ ಮೇಲೆ ಬಗ್ಗಿದ್ದರು.

"ಇದನ್ನ ಹಿಂದುಮುಂದು ಹಾಕಿಬಿಟ್ರೆ ನಿಮಗೆ ಹೇಗೆ ಗೊತ್ತಾಗುತ್ತೆ, ಕಾಲಿನ್?"

"ಮೂಲೇಲಿ ಉತ್ತರ ಗೊತ್ತಿರೋ ಮಾದರಿ ಇಟ್ಟಿರ್ತೀವಲ್ಲ."

"ಎದುರು ಮೂಲೇಲೂ ಅದೇ ಇದೆ?"

"ನೋಡೋಕೆ ಸಮ ಇರಲಿ ಅಂತ..." ಎಂದವನು ಅಲ್ಲೇ ನಿಂತುಬಿಟ್ಟೆ. ತಿರುಗಿಸಿ ಹಾಕಿದರೂ ಎರಡು ಮೂಲೆಗಳೂ ಸರಿಯಾದ ಉತ್ತರವನ್ನೇ ಕೊಡುತ್ತವೆ. ಉಳಿದವರ ವರದಿಗಳು ಮಾತ್ರ ಅದಲುಬದಲು.

ಮಧ್ಯಾಹ್ನವೇ ಹಳೆಯ ದಾಖಲೆ ಕೆದಕಿದೆವು. ಒಂದು ತಟ್ಟೆಯಲ್ಲಿ ಗಂಡಸರ ರಕ್ತ ಹೆಂಗಸರದೆಂದು ಬಂದಿತ್ತು. ಯಾರೂ ಅತ್ತ ಕಣ್ಣು ಹಾಯಿಸಿರಲಿಲ್ಲ. ಗ್ಲೆನಿಸ್‌ಳ ಮಾದರಿ ಇದ್ದದ್ದು ಅದರಲ್ಲೇ. ತಟ್ಟೆಯನ್ನು ಯಂತ್ರಕ್ಕೆ ಹಾಕಿದವನ ಸಹಿ ನನ್ನದು. ಅವಳು ನನ್ನ ತಂಗಿಯೆಂದು, ಗುರುವಾರ ಅವಳ ಆಪರೇಷನ್ ಎಂದು ಹಲೀನಾಗೆ ಹೇಳಿದೆ.

ಹಲೀನಾ ಬೈಯಲಿಲ್ಲ. "ಈ ತಟ್ಟೆಯವರೆಲ್ಲರ ಹೊಸ ರಕ್ತ ತರಿಸಿ. ಮೊದಲು ನಿಮ್ಮ ತಂಗೀದು. ನೀವು ಮಾತ್ರ ಮುಟ್ಟಬೇಡಿ."

ತಟ್ಟೆ ತಿರುಗಿತ್ತೆಂದು ಗ್ಲೆನಿಸ್‌ಗೆ ಹೇಳಿದೆ, ತಿರುಗಿಸಿದ್ದು ಯಾರೆಂದು ಹೇಳಲಿಲ್ಲ. ಬುಧವಾರ ಉತ್ತರ ಬಂತು. ದೋಷವಿದ್ದದ್ದು ಬರ್ನಿ ಊರಿನ ಒಬ್ಬ ಹೆಂಗಸಿಗೆ. ಅವರಿಗೆ ನಾವು ನಿಶ್ಚಿಂತೆಯಾಗಿರಿ ಎಂದು ಬರೆದು ಕಳಿಸಿದ್ದೆವು! ನಮ್ಮ ಡಾಕ್ಟರೇ ಫೋನ್ ಮಾಡಿ ಕ್ಷಮೆ ಕೇಳಿ, ಅಂದೇ ಸ್ಕ್ಯಾನ್ ಮಾಡಿಸಿದರು. ಪುಣ್ಯಕ್ಕೆ ಗಂಟಿನ ಸುಳಿವೂ ಇರಲಿಲ್ಲ. ಅದು ತಿಳಿದ ಮೇಲೆ ಗ್ಲೆನಿಸ್‌ಗೆ ಫೋನ್ ಮಾಡಿದೆ.

"ಉಸಿರು ಬಿಗಿಹಿಡಿದು ಕೂತಿದೀನಿ ಕಣೋ, ಬೇಗ ಹೇಳು."

"ಇಲ್ಲ ಕಣೇ. ನಿನ್ನ ರಕ್ತದಲ್ಲಿ ಆ ದೋಷ ಇಲ್ಲ. ಆಪರೇಷನ್ನೂ ಬೇಡ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ, "ಆ ತಟ್ಟೆ ತಿರುಗಿಸಿ ಹಾಕಿದ ಮುಠ್ಠಾಳ ಯಾರು?"

"ನಾನೇ."

"ಬಾ ಇಲ್ಲಿ ನೀನು," ಅಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ. "ಮೊದಲು ಒದೀತೀನಿ, ಆಮೇಲೆ ತಬ್ಕೊಂಡು ಅಳ್ತೀನಿ. ಕಾರು ನಿಧಾನಕ್ಕೆ ಓಡಿಸ್ಕೊಂಡು ಬಾ."