ನಿಷತಳ ಫೋನ್ ಇಂಗ್ಲಿಷ್

ಆನ್‌ಲೈನ್ ಸಂದರ್ಶನಕ್ಕೆ ಕುಳಿತಿದ್ದ ಆಯೇಶಾ ಹೆಸರು ಹೇಳಿ ಮುಗಿಸುವಷ್ಟರಲ್ಲೇ ಅಳುತ್ತ ಕೋಣೆಯಿಂದ ಹೊರಗೆ ಬಂದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಿಷತ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನಾದಿನಿಯನ್ನು ಹಿಡಿದುಕೊಂಡಳು.

"ಏನಾತವಾ? ಏನಂದ್ರು?"

"ನನಗ ಮೂಕಿ ಅಂದ್ರು ಭಾಬಿ. ಎಲ್ಲಾರೂ ಕೂಡಿ ಯು ಆರ್ ಆನ್ ಮ್ಯೂಟ್, ಯು ಆರ್ ಆನ್ ಮ್ಯೂಟ್ ಅಂತಾರ. ನಾ ಇಲ್ಲೆ ಗಂಟ್ಲಾ ಹರಕೊಂಡು ಮಾತಾಡಾಕತ್ತೇನಿ, ಮತ್ತೂ ಅದನ್ನ ಅಂತಾರ. ಬಂದ್ ಮಾಡಿ ಎದ್ದು ಬಂದೆ."

ಮ್ಯೂಟ್ ಅಂದರೆ ಮೂಕ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಹುಡುಗಿ. ನಿಷತಳಿಗೆ ಮೊದಲು ನಗು ಬಂತು. ಆಮೇಲೆ, ಬಿ.ಕಾಂ. ಮುಗಿಸಿ ಇಂಡಿ ಪಟ್ಟಣದ ಈ ಮನೆಯಲ್ಲಿ ಕೂತು ಎಷ್ಟೋ ಕಡೆ ಅರ್ಜಿ ಹಾಕಿ ಹಾಕಿ ಅವಳಿಗೆ ಸಿಕ್ಕಿದ್ದ ಮೊದಲ ಸಂದರ್ಶನ ಇದು ಎಂಬುದು ನೆನಪಾಗಿ ನಗು ಅಲ್ಲೇ ನಿಂತಿತು.

ಮದುವೆಗೆ ಮುಂಚೆ ನಿಷತ ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಿಸೆಪ್ಶನ್ ನೋಡಿಕೊಳ್ಳುತ್ತಿದ್ದಳು. ದಿನವಿಡೀ ಫೋನು. ಡಾಕ್ಟರರಿಂದ, ಔಷಧ ಕಂಪನಿಯವರಿಂದ, ಇನ್ಶೂರೆನ್ಸಿನವರಿಂದ ಬೈಸಿಕೊಳ್ಳುತ್ತಲೇ ಫೋನಿನಲ್ಲಾಡುವ ಇಂಗ್ಲಿಷ್ ಕಲಿತಿದ್ದಳು. ಮದುವೆಯಾಗಿ ಇಂಡಿಗೆ ಬಂದ ಮೇಲೆ ಆ ಇಂಗ್ಲಿಷಿಗೆ ಕೆಲಸವಿರಲಿಲ್ಲ. ಗಂಡ ತಬ್ರೇಜನದು ಲಿಂಬೆಹಣ್ಣಿನ ವ್ಯಾಪಾರ. ಅವನ ಫೋನೆಲ್ಲ ಕನ್ನಡ, ಮರಾಠಿ, ಉರ್ದುವಿನಲ್ಲೇ ನಡೆಯುತ್ತಿತ್ತು.

ಅವತ್ತು ಸಂಜೆ ಆಯೇಶಾಳ ಗೆಳತಿಯರಿಗೂ ಗೊತ್ತಾಗಲಿ ಎಂದು ನಿಷತ ಅವಳ ಫೋನಿನಲ್ಲೇ ಒಂದು ವಾಯ್ಸ್ ಮೆಸೇಜ್ ಮಾಡಿ ಕಳಿಸಿದಳು.

"ಯು ಆರ್ ಆನ್ ಮ್ಯೂಟ್ ಅಂದ್ರ ನಿನಗ ಮೂಕಿ ಅಂದಂಗಲ್ಲವಾ ತಂಗಿ. ನಿನ್ನ ಫೋನಿನ ಬಾಯಿ ಮುಚ್ಚೇತಿ, ತಗಿ ಅಂತ ಹೇಳಾಕತ್ತಾರ. ನೀ ಅಳಬ್ಯಾಡ. ಸಾರಿ, ಕ್ಯಾನ್ ಯು ಹಿಯರ್ ಮಿ ನೌ, ಅನ್ನು. ಈಗ ಕೇಳಸ್ತೇತೇನ್ರಿ ಅಂತ ಅರ್ಥ. ಮುಗೀತು."

ಆ ಮೆಸೇಜು ಕೈಯಿಂದ ಕೈಗೆ ಹೋಯಿತು. ಸಿಂದಗಿಯ ಕಾಲೇಜಿನ ಹುಡುಗಿಯರು ಕೇಳಿದರು. ಮುದ್ದೇಬಿಹಾಳದ ಮೊಬೈಲ್ ಅಂಗಡಿಯವರು ಗಿರಾಕಿಗಳಿಗೆ ಕೇಳಿಸಿದರು. ಇನ್ನಷ್ಟು ಹೇಳಿಕೊಡ್ರಿ ಅಕ್ಕಾರ ಎಂದು ಪರಿಚಯವಿಲ್ಲದ ನಂಬರುಗಳಿಂದ ಬೇಡಿಕೆ ಬಂತು. ನಿಷತ ದಿನಕ್ಕೊಂದು ಪಾಠ ಹೇಳತೊಡಗಿದಳು. ಹ್ಯಾಂಗ್ ಅಪ್ ಅಂದರೆ ಫೋನನ್ನು ಗೂಟಕ್ಕೆ ನೇತುಹಾಕುವುದಲ್ಲ, ಮಾತು ಮುಗಿಸಿ ಇಡುವುದು. ಹೋಲ್ಡ್ ದ ಲೈನ್ ಅಂದರೆ ಸಾಲು ಹಚ್ಚಿ ನಿಲ್ಲುವುದಲ್ಲ, ಫೋನ್ ಇಡದೆ ಸ್ವಲ್ಪ ತಡೆಯುವುದು. ಐ ವಿಲ್ ಪುಟ್ ಯು ಥ್ರೂ ಅಂದರೇನು ಎಂದು ಬಸವನ ಬಾಗೇವಾಡಿಯ ಒಬ್ಬಳು ಕೇಳಿದಾಗ ನಿಷತ ಹೀಗೆ ಹೇಳಿದ್ದಳು: "ಇಂಡಿ ಬಸ್ಸಿನ್ಯಾಗ ಬಂದಾಕಿನ್ನ ಝಳಕಿ ಕ್ರಾಸಿನ್ಯಾಗ ಇಳಿಸಿ ಸೋಲಾಪುರ ಬಸ್ ಹತ್ತಿಸಿ ಕಳಸ್ತಾರಲ್ಲ, ಹಂಗ. ನಿನ್ನ ಫೋನ್ ಯಾರ ಕಡೆ ಹೋಗಬೇಕೋ ಅವ್ರ ಕಡೆ ಹತ್ತಿಸಿ ಕೊಡ್ತೇನಿ ಅಂತ."

ಪ್ರತಿ ತಾಲೂಕಿಗೊಂದು ವಾಟ್ಸಾಪ್ ಗುಂಪಾಯಿತು. ಬಾಗೇವಾಡಿ ಗುಂಪಿನಲ್ಲಿ ಹೂವಿನ ಹಿಪ್ಪರಗಿಯ ಇಂದೂಬಾಯಿ ಇದ್ದರು. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಬ್ಯಾಂಕಿನ ಕಸ್ಟಮರ್ ಕೇರ್ ಜೊತೆ ಮೊದಲ ಸಲ ಯಾರ ನೆರವೂ ಇಲ್ಲದೆ ಮಾತಾಡಿದ ದಿನ ಅವರು ನಿಷತಳಿಗೆ ಫೋನ್ ಮಾಡಿ ಸಣ್ಣ ಹುಡುಗಿಯಂತೆ ನಕ್ಕಿದ್ದರು. "ಜನ್ಮ ಪೂರ್ತಿ ಮಂದಿಗೆ ಕಲಿಸೇನಿ ನಿಷತ, ನನಗ ಇದನ್ನ ಕಲಿಸಿದಾಕಿ ನೀ ಒಬ್ಬಾಕಿನ. ನಮ್ಮ ಶ್ರೀವಲ್ಲಭಗ ನಿನ್ನ ಪಾಠ ಎಲ್ಲಾ ಕಳಿಸೇನಿ ನೋಡು."

ಶ್ರೀವಲ್ಲಭ ಅವರ ಕಿರಿಯ ಮಗ. ಫೋನಿನಲ್ಲಿ ಇಂಗ್ಲಿಷ್ ಕಲಿಸುವ ಆ್ಯಪ್ ಮಾಡುವ ಬೆಂಗಳೂರಿನ ಕಂಪನಿಯೊಂದಕ್ಕೆ ವಿಜಯಪುರದಲ್ಲಿದ್ದುಕೊಂಡು ಈ ಭಾಗದ ಕೆಲಸ ನೋಡುತ್ತಿದ್ದ. ಮರುವಾರವೇ ಅವನ ಫೋನ್ ಬಂತು.

"ಮೇಡಮ್ಮರ, ನಮ್ಮ ಅವ್ವ ದಿನಾ ಮುಂಜಾನೆ ದೇವರ ಪೂಜಿಗಿಂತ ಮೊದಲ ನಿಮ್ಮ ಪಾಠ ಕೇಳ್ತಾಳ್ರಿ. ನಮ್ಮ ಕಂಪನಿಯವ್ರ ಮುಂದ ನೀವು ಒಮ್ಮೆ ಮಾತಾಡಬೇಕ್ರಿ."

ವಿಡಿಯೋ ಮೀಟಿಂಗಿಗೆ ನಿಷತ ಹೊಸ ದುಪಟ್ಟಾ ಹೊದ್ದು ಕುಳಿತಳು. ಸದ್ದಾಗಬಾರದೆಂದು ತಬ್ರೇಜ ಫ್ಯಾನ್ ಆರಿಸಿ, ಬಾಗಿಲ ಹೊರಗೆ ಬೆವರುತ್ತ ನಿಂತ. ಪರದೆಯ ಮೇಲೆ ನಾಲ್ಕೈದು ಮುಖಗಳು. ನಿನ್ನೆಯಷ್ಟೇ ಅವಳ ಜೊತೆ ತನ್ನೂರಿನ ಮಾತಾಡಿದ್ದ ಶ್ರೀವಲ್ಲಭ ಅಲ್ಲಿ ಬೇರೆಯದೇ ನಾಲಿಗೆ ಹಚ್ಚಿಕೊಂಡಿದ್ದ. "ಇವರು ನಮ್ಮ ಕಡೆಯವರು, ಆದರೆ ತುಂಬಾ ಟ್ಯಾಲೆಂಟೆಡ್," ಎಂದು ಪರಿಚಯಿಸಿದ. ಆ 'ಆದರೆ' ಯಾಕೆ ಬಂತು ಎಂದು ನಿಷತಳಿಗೆ ಒಂದು ಗಳಿಗೆ ಚುಚ್ಚಿತು. ಎಲ್ಲರೂ ಅವಳ ಪಾಠ ಕೇಳಿ ನಕ್ಕರು, ಚಪ್ಪಾಳೆಯ ಚಿತ್ರ ಹಾಕಿದರು. ಮಾಡಿದ ಪಾಠಗಳನ್ನೆಲ್ಲ ಇನ್ನೊಮ್ಮೆ ಸ್ವಚ್ಛವಾಗಿ ರೆಕಾರ್ಡ್ ಮಾಡಿ ಕಳಿಸಿ, ಹೊಸವನ್ನೂ ಸೇರಿಸಿ, ಆ್ಯಪಿನಲ್ಲಿ ಹಾಕುವ ಬಗ್ಗೆ ನೋಡುತ್ತೇವೆ, ವಿ ವಿಲ್ ಗೆಟ್ ಬ್ಯಾಕ್ ಟು ಯು ಎಂದರು.

ಅಂದರೆ, ನಾವೇ ತಿರುಗಿ ಸಂಪರ್ಕ ಮಾಡುತ್ತೇವೆ. ಈ ಮಾತಿನ ಪಾಠ ಹೇಳುವಾಗ ನಿಷತ, "ಹಂಗಂದವ್ರು ಭಾಳ ಮಂದಿ ತಿರುಗಿ ಮಾಡಂಗಿಲ್ಲ, ಹಾದಿ ನೋಡಕೋತ ಕುಂದ್ರಬ್ಯಾಡ್ರಿ," ಎಂದು ಗುಂಪಿನವರಿಗೆ ತಾನೇ ಎಚ್ಚರಿಸಿದ್ದಳು. ಆದರೆ ಇದು ತನ್ನದೇ ಕೆಲಸದ ಮಾತು, ಹೇಳಿದವರ ಪೈಕಿ ಇಂದೂಬಾಯಿಯ ಮಗನಿದ್ದಾನೆ. ಅವಳು ನಂಬಿದಳು. ಇಡೀ ಬೇಸಿಗೆ, ಮನೆಯವರು ಮಧ್ಯಾಹ್ನ ಮಲಗಿದಾಗ, ಗಂಟಲು ಒಣಗುವತನಕ ರೆಕಾರ್ಡ್ ಮಾಡಿ ಕಳಿಸಿದಳು. ಬಂತು, ಭಾರೀ ಆಗೇತ್ರಿ, ಎಂದು ಶ್ರೀವಲ್ಲಭ ಪ್ರತಿ ಸಲ ಉತ್ತರಿಸಿದ. ಕೊನೆಯದು ಮುಟ್ಟಿದ ಮೇಲೆ ಉತ್ತರ ನಿಂತಿತು. ಅವಳು ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎಂಬ ಮೆಸೇಜು ಬರುತ್ತಿತ್ತು. ಆಮೇಲೆ ಅದೂ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಆಯೇಶಾ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ನಿಷತ ಹತ್ತಿರ ಹೋಗಿ ಕೇಳಿದರೆ, "ಭಾಬಿ, ಹೊಸ ಆ್ಯಪ್ ಬಂದೇತಿ. ನಿಮ್ಮಂಗ ಹೇಳ್ತಾರ. ಕನ್ನಡ ಮಾತ್ರ ಎಷ್ಟು ಚಂದ ಅಂತೀರಿ, ಟಿ.ವಿ.ಯಾಗ ಮಾತಾಡಿದಂಗ," ಎಂದಳು.

ನಿಷತ ತಂತಿ ಇಸಿದುಕೊಂಡು ಕೇಳಿದಳು. ಹೆಣ್ಣು ದನಿ, ಬೆಣ್ಣೆಯಂತೆ ನುಣುಪು. "ಯು ಆರ್ ಆನ್ ಮ್ಯೂಟ್ ಎಂದರೆ ನಿಮ್ಮನ್ನು ಮೂಗಿ ಎಂದು ಕರೆದಂತಲ್ಲ ತಂಗಿ. ನಿಮ್ಮ ಫೋನಿನ ಬಾಯಿ ಮುಚ್ಚಿದೆ, ತೆಗೆಯಿರಿ ಎಂದು ಹೇಳುತ್ತಿದ್ದಾರೆ. ಅಳಬೇಡಿ." ಮುಂದಿನದನ್ನು ಒತ್ತಿದಳು. ಗೂಟಕ್ಕೆ ನೇತುಹಾಕುವುದಲ್ಲ ಎಂದಿತು. ಅದರ ಮುಂದಿನದರಲ್ಲಿ ಒಂದು ಬಸ್ಸು ಇಳಿಸಿ ಇನ್ನೊಂದು ಬಸ್ಸು ಹತ್ತಿಸಿದರು. ಝಳಕಿ ಕ್ರಾಸ್ ಇದ್ದಲ್ಲಿ ಮೆಜೆಸ್ಟಿಕ್ ಬಂದಿತ್ತು. ಕೊನೆಯವರೆಗೂ ಅವಳವೇ ಪಾಠಗಳು, ಅವಳು ಕಳಿಸಿದ ಕ್ರಮದಲ್ಲೇ. ಅವಳ ಹೆಸರು ಎಲ್ಲಿಯೂ ಇರಲಿಲ್ಲ.

"ಇವು ನನ್ನವು ಅಂತ ನಿನಗ ಗೊತ್ತಾಗಲಿಲ್ಲೇನು?"

ಆಯೇಶಾ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. "ಗೊತ್ತಾತು ಭಾಬಿ. ನೀವ ಕೊಟ್ಟೀರಿ ಅಂದ್ಕೊಂಡಿದ್ದೆ."

ನಿಷತ ತನ್ನ ಫೋನಿನಿಂದ ಕರೆದರೆ ಶ್ರೀವಲ್ಲಭ ಎತ್ತಲಿಲ್ಲ. ತಬ್ರೇಜನ ಫೋನಿನಿಂದ ಕರೆದಾಗ ಎತ್ತಿದ.

"ಮೇಡಮ್ಮರ, ನಾನ ಫೋನ್ ಮಾಡಾಂವ ಇದ್ದೆ..."

"ಆ ಪಾಠ ಯಾರವ್ರಿ?"

"ಖರೇ ಹೇಳ್ತೇನ್ರಿ. ಕಂಟೆಂಟ್ ನಿಮ್ಮದ ಅದ. ಆದ್ರ ನಿಮ್ಮ ದನಿ ಮ್ಯಾಲಿನವ್ರು ಒಪ್ಪಲಿಲ್ಲ. ಬೆಂಗಳೂರು ಕಡೆ ಮಂದಿಗೆ ನಮ್ಮ ಮಾತು ಜಗಳಾಡಿದಂಗ ಕೇಳಸ್ತದಂತ. ನಾ ಭಾಳ ಹೇಳಿ ನೋಡಿದೆ."

"ನಿಮ್ಮ ತಾಯಾರೂ ಹಿಂಗ ಮಾತಾಡ್ತಾರಲ್ರಿ. ಅವ್ರೂ ನಿಮ್ಮ ಕೂಡ ಜಗಳಾಡ್ತಾರೇನು?"

"ಅವ್ವನ್ನ ಯಾಕ ನಡುವ ತರ್ತೀರಿ?"

"ದನಿ ಒಲ್ಲೆ ಅಂದ್ರ ಬಿಡ್ರಿ. ಹೆಸರರ ಹಾಕಬೇಕಿತ್ತಿಲ್ಲೋ?"

"ಅದು ನನ್ನ ಕೈಯಾಗಿಲ್ರಿ. ಮ್ಯಾಲೆ ಕೇಳಿ ನೋಡ್ತೇನಿ," ಎಂದವನು ಫೋನ್ ಇಟ್ಟ. ಕಂಪನಿಯ ನಂಬರಿಗೆ ಕರೆದರೆ ಅದೇ ನುಣುಪು ದನಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ, ಸಂಗೀತ ಹಚ್ಚಿ ಹೋಯಿತು. ನಿಷತ ಸಂಗೀತ ನಿಲ್ಲುವವರೆಗೂ ಕಾದಳು. ಸಂಗೀತ ನಿಂತದ್ದೇ ಕರೆ ಕಡಿಯಿತು.

ತಬ್ರೇಜ ಕುದಿದುಹೋದ. "ನಾಳೆ ವಿಜಯಪುರಕ್ಕ ಹೋಗೂಣ. ಅವನ ಆಫೀಸಿನ್ಯಾಗ ನಾಕ್ ಮಂದಿ ಮುಂದ ಕೇಳೂಣ."

"ನಾವು ಹೋಗಿ ಜ್ವಾರಾಗಿ ಮಾತಾಡಿದ್ರ, ಜಗಳಾಡಾಕ ಬಂದಾರ ಅಂತಾರ," ಎಂದಳು ನಿಷತ. "ಮೊದಲ ಗುಂಪಿನವ್ರಿಗೆ ಹೇಳ್ತೇನಿ."

ಹೇಳುವ ಮೊದಲೇ ಇಂದೂಬಾಯಿ ಬಂದರು. ಹೂವಿನ ಹಿಪ್ಪರಗಿಯಿಂದ ಬಸ್ಸು ಬದಲಿಸಿಕೊಂಡು, ಮನೆ ಕೇಳುತ್ತ ಕೇಳುತ್ತ ಒಬ್ಬರೇ ಬಂದಿದ್ದರು. ಇಷ್ಟು ದಿನ ದನಿಯಲ್ಲಷ್ಟೇ ಕಂಡಿದ್ದವರನ್ನು ಎದುರಿಗೆ ನೋಡಿ ನಿಷತಳಿಗೆ ಒಮ್ಮೆಲೇ ಸಂತೋಷವಾಯಿತು. ಮಗನಿಗೆ ಬೈದು ಬಂದಿರಬೇಕು ಎಂದುಕೊಂಡಳು. ಕುರ್ಚಿ ಹಾಕಿ ಕೂರಿಸಿ ಚಹಾ ತಂದಳು. ಇಂದೂಬಾಯಿ ಕಪ್ಪನ್ನು ಮುಟ್ಟದೆ, "ಈಗ ಬ್ಯಾಡವಾ," ಎಂದರು.

"ಬಾಯಾರ, ನೀವು ಆ ಆ್ಯಪ್ ಕೇಳೀರೇನ್ರಿ?"

"ಕೇಳೇನವಾ. ಎರಡ ಮಾತಿಗೆ ತಿಳೀತು ನಿನ್ನವ ಅಂತ." ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಅವಗ ಈಗ ದೊಡ್ಡ ಹುದ್ದೆ ಕೊಡೂ ಮಾತು ನಡದದ. ಮದುವಿ ಮಾತೂ ನಡಸೇವಿ. ನೀ ಗುಂಪಿನ್ಯಾಗ ಏನರ ಹಾಕಿದಿ ಅಂದ್ರ ಊರಾಗ ನಾವು ಮಾರಿ ತೋರಸೂಹಂಗಿಲ್ಲ. ನೀ ಶಾಣ್ಯಾಕಿ ಇದ್ದಿ. ಇಂಥಾ ನೂರು ಪಾಠ ಮತ್ತ ಮಾಡ್ತಿ. ಇದೊಂದು ಬಿಟ್ಟುಬಿಡು."

"ತಪ್ಪು ಯಾರದ್ರಿ ಬಾಯಾರ? ನೀವು ಟೀಚರ ಇದ್ದವ್ರು. ನಿಮ್ಮ ಸಾಲ್ಯಾಗ ಒಬ್ಬ ಹುಡುಗಿ ಬರದದ್ದನ್ನ ಮತ್ತೊಬ್ಬಾಂವ ನಕಲು ಹೊಡದ್ರ ಯಾರಿಗೆ ಬೈತಿದ್ರಿ?"

"ತಪ್ಪು ಅವಂದ," ಎಂದರು ಇಂದೂಬಾಯಿ. "ತಪ್ಪು ಅವಂದ ಅಂತ ಗೊತ್ತಿದ್ದನ ನಿನ್ನ ಮನೀತನಕ ಬಂದೇನಿ."

ನಿಷತ ತಣ್ಣಗಾದ ಚಹಾದ ಕಪ್ಪನ್ನು ಎತ್ತಿಕೊಂಡಳು. "ಬಸ್ಸಿಗೆ ಹೊತ್ತಾಗತೈತ್ರಿ," ಎಂದಷ್ಟೇ ಹೇಳಿದಳು. ಇಂದೂಬಾಯಿ ಎದ್ದು, ಅವಳ ತಲೆ ಸವರಲು ಕೈ ಎತ್ತಿ, ಏನನ್ನಿಸಿತೋ, ಕೈ ಕೆಳಗಿಳಿಸಿ ಹೊರಟರು.

ಅವರ ಬಸ್ಸು ಊರು ದಾಟುವ ಮೊದಲೇ ನಿಷತ ಎಲ್ಲ ಗುಂಪುಗಳಿಗೂ ವಾಯ್ಸ್ ಮೆಸೇಜ್ ಕಳಿಸಿದಳು. ಬೈಗುಳವಿಲ್ಲ, ಅಳುವಿಲ್ಲ, ಯಾವ ಪಾಠ ಯಾವಾಗ ಮಾಡಿದೆ, ಯಾರು ಕೇಳಿ ಇಸಿದುಕೊಂಡರು, ಈಗ ಅವು ಎಲ್ಲಿವೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು.

ಸಿಟ್ಟಿನ ಕೆಂಪು ಮುಖಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ನಾಚಿಕೆಯಾಗಬೇಕು ಅವರಿಗೆ ಎಂದು ಮುದ್ದೇಬಿಹಾಳದಿಂದ ಒಬ್ಬರು ಬರೆದರು. ಇಂದೂಬಾಯಿ ಏನೂ ಬರೆಯದೆ ಗುಂಪು ಬಿಟ್ಟರು. ಸಂಜೆ ಸಿಂದಗಿ ಗುಂಪಿನಲ್ಲಿ ಯಾರೋ ಕೇಳಿದರು: "ಆ ಆ್ಯಪ್ ಫ್ರೀ ಐತೇನ್ರಿ? ಲಿಂಕ್ ಇದ್ರ ಹಾಕ್ರಿ." ಇನ್ನೊಬ್ಬರು ಹಾಕಿದರು. ಅದರ ಕೆಳಗೆ ಥ್ಯಾಂಕ್ಸ್‌ಗಳ ಸಾಲು ಬೆಳೆಯಿತು.

ಶ್ರೀವಲ್ಲಭನಿಗೆ ಬಡ್ತಿ ಸಿಕ್ಕಿತು. ನಿಷತ ಬರೆದು ಕಳಿಸಿದ ದೂರಿಗೆ ಕಂಪನಿ ಉತ್ತರಿಸಲಿಲ್ಲ. ವಕೀಲರೊಬ್ಬರನ್ನು ಕೇಳಿದ್ದಕ್ಕೆ ಅವರು, ಕೇಸು ಹಾಕಬಹುದು, ವರ್ಷಗಟ್ಟಲೆ ಅಡ್ಡಾಡುವ ಶಕ್ತಿ ಇದೆಯೇ ನೋಡಿಕೊಳ್ಳಿ ಎಂದರು. ನಿಷತ ಪಾಠ ಹೇಳುವುದನ್ನು ಬಿಟ್ಟಳು. ಆಯೇಶಾ ಭಾಬಿಯ ಎದುರಿಗೆ ಆ್ಯಪ್ ಕೇಳುವುದನ್ನು ಬಿಟ್ಟು, ಮಾಳಿಗೆಯ ಮೇಲೆ ಹೋಗಿ ಕೇಳುತ್ತಿದ್ದಳು.

ಚಳಿಗಾಲದಲ್ಲಿ ಮುದ್ದೇಬಿಹಾಳದಿಂದ ಒಂದು ಫೋನ್ ಬಂತು. ಜೋಹರಾಬಿ ಎಂಬ ಹೆಂಗಸು. ಗುಂಪಿನಲ್ಲಿ ಎಂದೂ ಮಾತಾಡಿದವಳಲ್ಲ.

"ಅಕ್ಕಾರ, ನಾಳೆ ನನಗ ಆನ್‌ಲೈನ್ ಇಂಟರ್‌ವ್ಯೂ ಐತ್ರಿ. ಸ್ಕ್ರೀನ್ ಶೇರ್ ಮಾಡು ಅಂದ್ರ ಏನು ಮಾಡಬೇಕ್ರಿ, ಏನಂತ ಅನ್ನಬೇಕ್ರಿ?"

"ಆ ಆ್ಯಪಿನ್ಯಾಗ ಐತಿ ನೋಡ್ರಿ."

"ನೋಡೇನ್ರಿ. ತಿಳಿಲಿಲ್ರಿ. ಅದಕ್ಕ ತಿರುಗಿ ಪ್ರಶ್ನಿ ಕೇಳಾಕ ಬರಂಗಿಲ್ಲಲ್ರಿ."

ಉತ್ತರ ನಿಷತಳ ಬಾಯಲ್ಲೇ ಇತ್ತು. ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು.

"ಹೌದ್ರಿ, ಬರಂಗಿಲ್ಲ," ಎಂದು ಫೋನ್ ಇಟ್ಟಳು.

ಆಮೇಲೆ ಆ ಹೆಂಗಸಿಗೆ ತಿರುಗಿ ಫೋನ್ ಮಾಡಬೇಕೆಂದು ಎರಡು ಸಲ ನಂಬರ್ ತೆಗೆದಳು. ಮಾಡಲಿಲ್ಲ. ಜೋಹರಾಬಿಯೂ ಮತ್ತೆ ಕರೆಯಲಿಲ್ಲ.