ಶಲ್ಯದ ಗಂಟು

ಬೀರಲಿಂಗನ ಹೆಗಲ ಮೇಲಿನ ಶಲ್ಯದಲ್ಲಿ ಮುಂಜಾನೆ ಹಾಕಿದ ಒಂದು ಗಂಟು ಹಗಲೆಲ್ಲ ಇರುತ್ತಿತ್ತು. ಸಂಜೆಯ ಊಟವಾಗಿ ಗುಳಿಗೆ ನುಂಗಿದ ಮೇಲೆ ಅದನ್ನು ಬಿಚ್ಚುತ್ತಿದ್ದನು. ಕಮಲಾಪುರದ ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಜವಾನನವನು. ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದರೂ ಗಂಟೆಗೆ ಒಂದು ನಿಮಿಷ ತಡಮಾಡಿದ್ದನ್ನು ನಾನು ಕಾಣೆ. ಯಾವ ಕೆಲಸ ಹೇಳಿದರೂ “ನೆಪ್ಪದರೀ ಮಾಸ್ತರ್ರ”, ನೆನಪಿದೆ, ಎನ್ನುವುದು ಅವನ ರೂಢಿ.

ಆ ಗಂಟು ಏತಕ್ಕೆಂದು ಶಾಲೆಯಲ್ಲಿ ತಿಳಿದಿದ್ದವನು ನಾನೊಬ್ಬನೇ. ಇಪ್ಪತ್ತು ವರ್ಷಗಳ ಹಿಂದೆ ಅವನಿಗೆ ಎಚ್‌ಐವಿ ಇದೆಯೆಂದು ಗೊತ್ತಾದಂದಿನಿಂದ, ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಿ ಗುಳಿಗೆ ತರಲು ರಜೆಯ ಅರ್ಜಿಯನ್ನು ನಾನೇ ಬರೆದುಕೊಡುತ್ತಿದ್ದೆನು. ಕಾರಣದ ಜಾಗದಲ್ಲಿ ಪ್ರತಿಸಲವೂ ‘ಸ್ವಂತ ಕೆಲಸ’ ಎಂದು.

ನಾವಿಬ್ಬರೂ ನಿವೃತ್ತರಾದ ಮೇಲೆ, ಕಳೆದ ಚೈತ್ರದಲ್ಲಿ ಅವನು ಮನೆಗೆ ಬಂದು, “ಮಾಸ್ತರ್ರ, ಒಂದಿನ ನಮ್ಮ ಮನಿಮಂದಿ ಆಗ್ತೀರೇನ್ರಿ?” ಎಂದು ಕೇಳಿದನು. ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ, ಈ ಔಷಧ ನುಂಗುತ್ತಲೇ ಮುಪ್ಪಾದವರಿಗೆಲ್ಲ ವರ್ಷಕ್ಕೊಮ್ಮೆ ನೆನಪಿನ ತಪಾಸಣೆಯಂತೆ, ಮನೆಯವರೊಬ್ಬರು ಜೊತೆಗಿರಬೇಕಂತೆ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ವಿಷಯ ತಿಳಿದವರಿಲ್ಲ; ಮಗನಿಗೂ ಗೊತ್ತಿಲ್ಲ, ಸೊಸೆ ರಾಜೇಶ್ರೀಗೂ ಗೊತ್ತಿಲ್ಲ.

“ಮೊಮ್ಮಗಳು ನನ್ನ ತಾಟನ್ಯಾಗ ಉಣ್ತಾಳ್ರೀ. ಗೊತ್ತಾದ್ರ ತಾಟು ಬ್ಯಾರೆ ಆಗ್ತದ.”

ಅದು ತಾಟಿನಿಂದ ಹರಡುವ ರೋಗವಲ್ಲವೆಂದು ನಮ್ಮಿಬ್ಬರಿಗೂ ಗೊತ್ತು. ಮನೆಗೆ ಅದನ್ನು ತಿಳಿಸುವವರು ಯಾರು? ನಾನು ಹೊರಟೆನು.

ಆಸ್ಪತ್ರೆಯ ಆಪ್ತಸಮಾಲೋಚಕಿ ಅಂಜನಾ ಸೌಮ್ಯ ಸ್ವಭಾವದ ತರುಣಿ. “ಐದು ಶಬ್ದ ಹೇಳ್ತೀನ್ರಿ ಅಜ್ಜಾರ, ಆಮ್ಯಾಲೆ ಕೇಳ್ತೀನಿ” ಎಂದು, ಕೊಡೆ, ಸೇತುವೆ, ಮಲ್ಲಿಗೆ, ಗಡಿಯಾರ, ಉಪ್ಪು ಎಂದಳು. ಬೀರಲಿಂಗನು ಒಂದೊಂದು ಶಬ್ದಕ್ಕೂ ಶಲ್ಯದಲ್ಲಿ ಒಂದೊಂದು ಗಂಟು ಹಾಕತೊಡಗಿದನು.

“ಗಂಟು ಹಾಕಂಗಿಲ್ರಿ ಅಜ್ಜಾರ.”

“ಇಪ್ಪತ್ತು ವರ್ಷ ಗುರ್ತ ಇಟ್ಕೋ, ಗುರ್ತ ಇಟ್ಕೋ ಅಂದ್ರಿ. ಈಗ ಗುರ್ತ ಇಟ್ಕೊಂಡ್ರ ಕಾಪಿ ಹೊಡದಂಗೇನವ್ವ?”

ಅವಳು ನಗುತ್ತಲೇ ಶಲ್ಯವನ್ನು ಕೇಳಿ ಪಡೆದು ಮೇಜಿನ ಮೇಲಿಟ್ಟಳು. ಶಲ್ಯವಿಲ್ಲದ ಬೀರಲಿಂಗನಿಗೆ ಐದರಲ್ಲಿ ಎರಡೇ ದೊರೆತವು. ನಾನೂ ಮನಸ್ಸಿನಲ್ಲಿಯೇ ಆ ಪರೀಕ್ಷೆಗೆ ಕುಳಿತಿದ್ದೆನು, ನನಗೆ ಮೂರು. ಅವನದು ರೋಗದ ಮರೆವೋ, ವಯಸ್ಸಿನದೋ, ಹೆಗಲು ಬರಿದಾದ ಗಾಬರಿಯೋ, ಅರ್ಥವಾಗಲಿಲ್ಲ. ಇದೊಂದರಿಂದಲೇ ಏನೂ ಹೇಳಲಾಗದೆಂದು ಅಂಜನಾಳೂ ಒಪ್ಪಿದಳು. ಬಳಿಕ ನನ್ನತ್ತ ತಿರುಗಿ, “ಇತ್ತಿತ್ಲಾಗ ಏನರ ಮರೀತಾರೇನ್ರಿ ಸರ?” ಎಂದಳು.

ಹಿಂದಿನ ತಿಂಗಳು ಗುಳಿಗೆ ತಂದು ಮರಳುವಾಗ ಅವನು ಕಮಲಾಪುರದಲ್ಲಿ ಬಸ್ಸಿನಿಂದ ಇಳಿಯದೆ ಮುಂದೆ ಹುಮನಾಬಾದದವರೆಗೆ ಹೋಗಿದ್ದನು. ಅದಕ್ಕಿಂತ ಹೆಚ್ಚಾಗಿ, ಎರಡು ಮುಂಜಾನೆ ಅವನ ಶಲ್ಯದಲ್ಲಿ ಹಿಂದಿನ ದಿನದ ಗಂಟಿನ ಮೇಲೆಯೇ ಹೊಸ ಗಂಟು ಬಿದ್ದಿದ್ದನ್ನು ನಾನು ಕಂಡಿದ್ದೆನು; ಹಿಂದಿನ ಸಂಜೆಯ ಗುಳಿಗೆ ತಪ್ಪಿತ್ತೆಂದೇ ಅರ್ಥ. ಇಲ್ಲವೆಂದರೆ ತಾಟು ಉಳಿಯುತ್ತಿತ್ತು, ಹೌದೆಂದರೆ ಗುಳಿಗೆ.

ಹೌದೆಂದೆನು. ಬೀರಲಿಂಗನು ನೆಲ ನೋಡಿದನು.

“ಮುಂದಿನ ತಿಂಗಳು ಇನ್ನೊಮ್ಮೆ ನೋಡೋಣ್ರಿ. ಖರೇನ ಒಂದೇ ಮನ್ಯಾಗ ಇರೋರು ಬರ್ಲಿ” ಎಂದಳು ಅಂಜನಾ. ಅವಳಿಗೆ ನನ್ನ ವೇಷ ತಿಳಿದುಹೋಗಿತ್ತು.

ಮರಳುವ ಬಸ್ಸು ಕಪನೂರ ದಾಟಿದ ಮೇಲೆ ಅವನು ಶಲ್ಯದ ಇನ್ನೊಂದು ಮೂಲೆಗೆ ಬಿಗಿಯಾಗಿ ಗಂಟು ಹಾಕಿದನು.

“ಇದು ಯಾತಕ್ಕ?”

“ಇದು ನಿಮ್ದು. ನೀವು ಅಂದದ್ದು ಮರೀಬಾರ್ದಂತ.”

ಸಿಟ್ಟೋ ಉಪಕಾರಸ್ಮರಣೆಯೋ, ಧ್ವನಿಯಿಂದ ತಿಳಿಯಲಿಲ್ಲ. ತೂಕಡಿಸುತ್ತಿದ್ದ ನನ್ನನ್ನು ಕಮಲಾಪುರದಲ್ಲಿ ಎಬ್ಬಿಸಿ ಇಳಿಸಿದವನೂ ಅವನೇ.

ಮೊನ್ನೆ ರಾಜೇಶ್ರೀ ಬಂದಿದ್ದಳು. “ಮಾವಾರು ಕಲಬುರಗಿಗಿ ಕೂಡ ಬಾ ಅಂತಾರ. ಯಾಕ ಅಂತ ಕೇಳಿದ್ರ ಮಾಸ್ತರ್ರಿಗಿ ಕೇಳು ಅಂತಾರ. ಏನ್ರಿ ಅದು?”

ನನ್ನ ಬಾಯಿಂದ ಬಂದುದು, “ಸ್ವಂತ ಕೆಲಸ ಅದವ್ವ” ಎಂಬ ಮಾತು. ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, “ಹಂಗಾರ ಮಾವಾರ ಕೂಡ ಹೋಗ್ತೀನ್ರಿ” ಎಂದಳು.

ಬೀರಲಿಂಗನಂಥವರು ಮರೆಯದೆ ಇದ್ದುದರಿಂದಲೇ ಉಳಿದವರು. ಗುಳಿಗೆಯನ್ನೂ ಮರೆಯದೆ, ಯಾರೆದುರಿಗೆ ಏನನ್ನು ಆಡಬಾರದೆಂಬುದನ್ನೂ ಮರೆಯದೆ. ಅವರ ನೆನಪು ಬಾಗಿಲಿನ ಅಗುಳಿಯೂ ಹೌದು. ಅದು ಸಡಿಲವಾದಾಗ ಯಾರಾದರೂ ಒಳಗೆ ಬರಲೇಬೇಕಾಗುತ್ತದೆ; ಬಂದವರು ತಾಟನ್ನು ಬೇರೆ ಮಾಡುವರೋ, ಗುಳಿಗೆಯನ್ನು ಕೈಗೆ ಕೊಡುವರೋ, ಬೀರಲಿಂಗನಿಗೂ ತಿಳಿಯದು, ನನಗೂ ತಿಳಿಯದು.