ಸಮುದ್ರದೂರಿನಿಂದ ಏನು ತರಲಿ

ಅರಿಕಾದ ಬಂದರು ಬೀದಿಯಲ್ಲಿ ನಾನು ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಎತ್ತಿ ನೋಡಿ ಕೆಳಗಿಟ್ಟಾಗ ಅಂಗಡಿಯವಳು ಮುಖ ಸಿಂಡರಿಸಿದಳು. ಸಿಂಡರಿಸಲಿ. ನಾನೂ ಎತ್ತರದ ಬೆಟ್ಟಸೀಮೆಯ ನಮ್ಮೂರು ಒರುರೊದ ಮಾರುಕಟ್ಟೆಯಲ್ಲಿ ನೇರಳೆ ಜೋಳದ ಗಂಜಿ, ಅಪಿ, ಕಾಯಿಸಿ ಮಾರುತ್ತಾ ತಲೆ ಹಣ್ಣಾದವಳು. ಮುಟ್ಟಿ ನೋಡಿ, ಮೂಸಿ ನೋಡಿ, ಕೊಳ್ಳದೆ ಹೋಗುವ ಎಷ್ಟು ಗಿರಾಕಿಗಳನ್ನು ನಾನು ಸಹಿಸಿಕೊಂಡಿಲ್ಲ! ತಟ್ಟೆಯ ಮೇಲೆ ನೀಲಿ ಸಮುದ್ರವಿತ್ತು, ಒಂದು ಹಡಗಿತ್ತು, ಹಡಗಿಗಿಂತ ದೊಡ್ಡದೊಂದು ಹಕ್ಕಿಯಿತ್ತು.

"ಅದನ್ನ ಎಲಿಯೋದೊರೊ ಅಣ್ಣನಿಗೆ ಕೊಡ್ತೀಯಾ? ಹೋದ ವರ್ಷ ಹಡಗಿನ ಟವೆಲ್ಲು, ಅದರ ಹಿಂದಿನ ವರ್ಷ ಹಡಗಿನ ಲೋಟ. ನಿಮ್ಮಣ್ಣ ಬಂದರು ತೆರೀತಾನಾ ಅಲ್ಲಿ?" ಎಂದಳು ಬಾಸಿಲಿಯಾ. ಅವಳು ನನ್ನ ಪಕ್ಕದ ಅಂಗಡಿಯಲ್ಲಿ ಆಲೂಗಡ್ಡೆ ಮಾರುತ್ತಾಳೆ. ಅವಳ ನಾಲಿಗೆಗೆ ಮೂಳೆಯಿಲ್ಲ.

ಪ್ರತಿ ವರ್ಷ ಕಾರ್ನಿವಲ್ ಮುಗಿದ ಮೇಲೆ ನಾವು ಮಾರುಕಟ್ಟೆಯ ಹೆಂಗಸರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಗಡಿ ದಾಟಿ ಸಮುದ್ರ ನೋಡಲು ಬರುತ್ತೇವೆ. ನಮ್ಮ ಅಜ್ಜನ ಅಜ್ಜನ ಕಾಲದಲ್ಲಿ ನಮ್ಮ ದೇಶಕ್ಕೂ ಒಂದು ಕಡಲ ತೀರವಿತ್ತು, ಯುದ್ಧದಲ್ಲಿ ಕೈಬಿಟ್ಟು ಹೋಯಿತು. ಈಗ ಬೇರೆಯವರ ದೇಶಕ್ಕೆ ಬಂದು, ಅವರ ಮುದ್ರೆ ಹಾಕಿಸಿಕೊಂಡು, ಕಾಲು ನೆನೆಸಿಕೊಂಡು ಹೋಗಬೇಕು. ಹಾಗೆ ಹೋಗುವಾಗ ಬರಿಗೈಯಲ್ಲಿ ಹೋಗುವಂತಿಲ್ಲ. ಊರು ಸುತ್ತಿ ಬಂದವರು ತರುವ ಕಾಣಿಕೆಗೆ ನಮ್ಮಲ್ಲಿ ಪ್ರೀತಿ ಅಂತಲೇ ಹೆಸರು. ಬಸ್ಸಿಳಿಯುವ ಮೊದಲೇ ಬೀದಿಯವರು "ನನ್ನ ಪ್ರೀತಿ ಎಲ್ಲಿ?" ಎಂದು ಶಾಲು ಹಿಡಿದು ಕೇಳುತ್ತಾರೆ.

ಉಳಿದವರಿಗೆಲ್ಲ ಆಗಲೇ ಕೊಂಡಾಗಿತ್ತು. ಸೊಸೆಗೆ ಕೊಡೆ, ಮೊಮ್ಮಕ್ಕಳಿಗೆ ಕಪ್ಪೆಚಿಪ್ಪಿನ ಆಮೆ, ಧರ್ಮಪುತ್ರಿಗೆ ಕಿವಿಯೋಲೆ. ಅಣ್ಣನೊಬ್ಬನ ವಿಷಯದಲ್ಲಿ ಮಾತ್ರ ಕೈ ಓಡಲಿಲ್ಲ.

ಅಣ್ಣ ಹುಡುಗನಾಗಿದ್ದಾಗಿನಿಂದ ತವರದ ಗಣಿಯಲ್ಲಿ ದುಡಿದವನು. ಈಗ ಅವನ ಎದೆಯ ತುಂಬ ಗಣಿಯ ಧೂಳು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಸಾಲದು. ಚಳಿಗಾಲ ಬರುವುದರೊಳಗೆ ಇವನನ್ನು ಕೆಳಗೆ, ಸಮುದ್ರದ ಮಟ್ಟಕ್ಕೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಈ ಚಳಿ ಕಳೆಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅರಿಕಾದಲ್ಲಿ ನಮ್ಮ ಚಿಕ್ಕಪ್ಪನ ಮಗಳು ನಿಕನೋರಾ ಇದ್ದಾಳೆ. ಹಿತ್ತಲ ಕಡೆಯ ಕೋಣೆಯನ್ನು ಸುಣ್ಣ ಬಳಿಸಿ ಇಟ್ಟಿದ್ದಾಳೆ. ಅಣ್ಣ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

"ಈ ಬೆಟ್ಟದ ಧೂಳು ನನ್ನ ಎದೇಲಿದೆ ಕಸಿ. ಇದನ್ನ ಹೊತ್ಕೊಂಡು ಹೋಗಿ ಇನ್ನೊಬ್ಬರ ಊರಲ್ಲಿ ಕೆಮ್ಮಲಾ? ಇವಳನ್ನ ಕೇಳದೆ ಹೆಂಗೆ ಬಿಟ್ಟು ಹೋಗಲಿ?" ಎನ್ನುತ್ತಿದ್ದ. ಕಸಿ ಎಂದರೆ ನಾನು, ಇವಳು ಎಂದರೆ ಭೂಮಿತಾಯಿ. ನಾನು ಒಯ್ದು ಕೊಟ್ಟ ಟವೆಲ್ಲು, ಲೋಟ, ಶಂಖ, ಬಣ್ಣದ ಮರಳಿನ ಶೀಷೆ ಎಲ್ಲವನ್ನೂ "ಚೆನ್ನಾಗಿದೆ" ಎಂದು ಒರೆಸಿ ಗೂಡಿನಲ್ಲಿಟ್ಟು ಸುಮ್ಮನಾಗುತ್ತಿದ್ದ. ಈ ಸಲ ನನಗೆ ಗೂಡಿನಲ್ಲಿಡುವ ವಸ್ತು ಬೇಡವಾಗಿತ್ತು. ಅವನನ್ನು ಆ ಮನೆಯಿಂದ ಎಬ್ಬಿಸಿ ತರುವಂಥದ್ದು ಏನಾದರೂ ಬೇಕಾಗಿತ್ತು. ಅಂಥದ್ದನ್ನು ಯಾವ ಅಂಗಡಿಯವಳು ಮಾರುತ್ತಾಳೆ?

ಆಲಿವ್ ಕಾಯಿಯ ಉಪ್ಪಿನಕಾಯಿ ನೋಡಿದೆ, ಅಣ್ಣನಿಗೆ ಹಲ್ಲಿಲ್ಲ. ಬೆಸ್ತರ ಉಣ್ಣೆಯ ಟೋಪಿ ನೋಡಿದೆ. ಅದನ್ನು ಹಾಕಿಕೊಂಡು ಅಲ್ಲೇ ಬೆಚ್ಚಗೆ ಕೂತುಬಿಡುತ್ತಾನೆ. ಕಡೆಗೆ ಸಿಟ್ಟು ಬಂದು ತಟ್ಟೆಯನ್ನೂ ಬಿಟ್ಟು ಮರಳ ದಂಡೆಗೆ ನಡೆದೆ.

ಅಲ್ಲಿ ನಮ್ಮ ಹೆಂಗಸರು ಲಂಗ ಎತ್ತಿ ಕಟ್ಟಿಕೊಂಡು ನೀರಿಗಿಳಿದು ಬಾಟಲಿಗಳಲ್ಲಿ ಸಮುದ್ರ ತುಂಬಿಕೊಳ್ಳುತ್ತಿದ್ದರು. ಮೇಲೆ ನಮ್ಮೂರಲ್ಲಿ ಆ ನೀರನ್ನು ಅಂಗಳಕ್ಕೆ ಚಿಮುಕಿಸಿದರೆ ಮಳೆ ದಾರಿ ಮರೆಯುವುದಿಲ್ಲ. ನಾನೂ ಕಿತ್ತಳೆ ಸೋಡಾ ಕುಡಿದು ಮುಗಿಸಿದ ದೊಡ್ಡ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಂಡು, ಅದನ್ನು ಪಕ್ಕದಲ್ಲಿಟ್ಟು ಮರಳಿನ ಮೇಲೆ ಮೈ ಚಾಚಿದೆ. ಸಮುದ್ರದ ಮೇಲಿನಿಂದ ಮಂಜು ಬಂದು ಬಂದರನ್ನು ನುಂಗಿತು, ದೋಣಿಗಳನ್ನು ನುಂಗಿತು, ಬಾಸಿಲಿಯಾಳ ಬೈಗುಳವನ್ನೂ ನುಂಗಿತು. ಕಣ್ಣು ತಾವಾಗಿ ಮುಚ್ಚಿಕೊಂಡವು.

ನಮ್ಮೂರಿನ ಬೆಟ್ಟ ಕಂಡಿತು. ಅದು ಮರಳಿನ ಮೇಲೆ ನನ್ನ ಪಕ್ಕದಲ್ಲೇ ಮಗ್ಗುಲಾಗಿ ಮಲಗಿ, ಮೆಲುಕು ಹಾಕುವ ಹಸುವಿನ ಹಾಗೆ ನಿಧಾನವಾಗಿ ಉಸಿರಾಡುತ್ತಿತ್ತು. ಅದರ ಹೊಟ್ಟೆಯ ಬಾಗಿಲಿನಿಂದ ಅಣ್ಣ ಹೊರಗೆ ಬಂದ. ಮೀಸೆ ಚಿಗುರುವ ವಯಸ್ಸಿನ ಅಣ್ಣ. ಮುಖದಲ್ಲಿ ಒಂದು ಚೂರೂ ಮಸಿಯಿಲ್ಲ. ಅಲೆಯ ತನಕ ನಡೆದು ಹೋಗಿ ಶಿಳ್ಳೆ ಹಾಕತೊಡಗಿದ. ಇಡೀ ಹಾಡನ್ನು ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಉಸಿರಿನಲ್ಲಿ ಹಾಕಿದ. ಕನಸಿನಲ್ಲಿ ಅದು ನನಗೆ ಆಶ್ಚರ್ಯ ಅನ್ನಿಸಲೇ ಇಲ್ಲ.

ಎಚ್ಚರವಾದಾಗ ನನ್ನ ಎದೆ ತುಂಬಿತ್ತು. ಮೇಲೆ ನಮ್ಮೂರಲ್ಲಿ ಉಸಿರನ್ನು ಆಳದ ಬಾವಿಯಿಂದ ನೀರು ಸೇದಿದ ಹಾಗೆ ಸೇದಬೇಕು. ಇಲ್ಲಿ ಅದು ಕರೆಯದಿದ್ದರೂ ತಾನೇ ಒಳಗೆ ಬಂದು ಕೂತಿತ್ತು. ಇಷ್ಟು ವರ್ಷ ಬಂದು ಹೋಗಿದ್ದೇನೆ, ಬರೀ ಕಣ್ಣಿಗೆ ಕಂಡದ್ದನ್ನು ಕೊಂಡಿದ್ದೇನೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಎದ್ದವಳೇ ಬಾಟಲಿಯ ನೀರನ್ನು ಚೆಲ್ಲಿ, ಅದನ್ನು ಎತ್ತಿ ಹಿಡಿದು ಗಾಳಿಯಲ್ಲಿ ಚೆನ್ನಾಗಿ ಆಡಿಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ.

"ತಲೆಗೆ ಬಿಸಿಲು ಹೊಡೀತಾ ನಿಂಗೆ?" ಎಂದಳು ಬಾಸಿಲಿಯಾ.

"ಬಿಸಿಲೆಲ್ಲಿದೆ? ಮಂಜು. ನಮ್ಮಣ್ಣನಿಗೆ ಗಾಳಿ ತಗೊಂಡು ಹೋಗ್ತೀನಿ."

"ಪುಣ್ಯಾತ್ಗಿತ್ತಿ, ದುಡ್ಡು ಬಿಚ್ಚೋಕೆ ಇಷ್ಟೊಂದು ಸಂಕಟನಾ!" ಎಂದು ಅವಳು ಬಸ್ಸಿಗೆಲ್ಲ ಸಾರಿಕೊಂಡು ಬಂದಳು. ಊರು ತಲುಪುವವರೆಗೂ ನನ್ನನ್ನು ಗಾಳಿ ಗೌಡತಿ ಎಂದೇ ಕರೆದರು.

ಬಸ್ಸು ಏರುತ್ತಾ ಹೋಯಿತು. ಏರಿದಂತೆಲ್ಲ ಆಲೂಗಡ್ಡೆ ಚಿಪ್ಸಿನ ಪೊಟ್ಟಣಗಳು ಉಬ್ಬಿ ದಿಂಬುಗಳಾದವು, ತೊಡೆಯ ಮೇಲಿದ್ದ ನನ್ನ ಬಾಟಲಿ ಬಿಗಿಯಾಗಿ ತಮಟೆಯಂತಾಯಿತು. ತಟ್ಟಿದರೆ ಸದ್ದು ಬರುತ್ತಿತ್ತು. ಹಿಮದ ಬೆಟ್ಟಗಳ ನಡುವಿನ ಗಡಿಕಟ್ಟೆಯಲ್ಲಿ ನಮ್ಮವನೇ ಒಬ್ಬ ಅಧಿಕಾರಿ ಎಲ್ಲರ ಗಂಟು ಬಿಚ್ಚಿಸಿ ನೋಡಿದ.

"ಏನಮ್ಮಾ, ಖಾಲಿ ಬಾಟಲಿ ಅಪ್ಕೊಂಡು ಕೂತಿದೀಯಾ?"

"ಖಾಲಿ ಅಲ್ಲ ಸ್ವಾಮಿ, ಗಾಳಿ ಇದೆ."

"ಯಾಕೆ, ನಮ್ಮ ದೇಶದಲ್ಲಿ ಗಾಳಿ ಇಲ್ವಾ?"

"ಕಮ್ಮಿ ಇದೆ ಸ್ವಾಮಿ."

ಅವನು ನನ್ನ ಮುಖವನ್ನು, ಬಾಟಲಿಯನ್ನು ನೋಡಿ, ತೆರಿಗೆ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲವೆಂದು ತಲೆ ಕೊಡವಿ ಮುಂದೆ ಹೋದ.

ಮರುದಿನ ಬೆಳಗ್ಗೆ ಅಣ್ಣ ಎಂದಿನಂತೆ ಅಂಗಳದಲ್ಲಿ ಕುರಿಯ ತೊಗಲಿನ ಮೇಲೆ, ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತಿದ್ದ. ತುಟಿ ನೀಲಿಯಾಗಿತ್ತು.

"ಪ್ರೀತಿ ತಂದ್ಯೇನೆ?" ಎಂದ.

ಬಾಟಲಿ ಕೊಟ್ಟೆ. ಇದರಲ್ಲಿ ಸಮುದ್ರದ ಗಾಳಿ ಇದೆ, ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತೆಗೆ, ಒಂದೇ ಸಲ ಎಳೆದುಕೋ ಎಂದು ಹೇಳಿದೆ. ಅಲ್ಲಿ ಉಸಿರು ಹೇಗೆ ತಾನಾಗಿ ಬರುತ್ತದೆ ಅನ್ನುವುದನ್ನೂ ಹೇಳಿದೆ. ಅವನು ನಗಲಿಲ್ಲ. ಬಾಟಲಿಯನ್ನು ಬೆರಳಿನಿಂದ ತಟ್ಟಿ, ಅದರ ಬಿಗಿಯನ್ನು ನೋಡಿ, ದೊಡ್ಡವರು ಕೊಟ್ಟ ಲೋಟವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ.

ನಮ್ಮಲ್ಲಿ ಏನನ್ನೇ ಕುಡಿಯಲಿ, ಮೊದಲ ಗುಟುಕು ಭೂಮಿತಾಯಿಗೆ. ಗಣಿಯವರಂತೂ ಅದನ್ನು ತಪ್ಪಿಸಿದವರಲ್ಲ. ಮನಸ್ಸು ಯೋಚಿಸುವ ಮೊದಲೇ ಕೈ ನೆಲದ ಕಡೆ ಬಾಗಿರುತ್ತದೆ. ಅಣ್ಣನ ಕೈಯೂ ಬಾಗಿತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅವನು ಬಾಟಲಿಯ ಬಾಯಿಯನ್ನು ನೆಲಕ್ಕೆ ಹಿಡಿದು ಮುಚ್ಚಳ ತಿರುಗಿಸಿಯೇಬಿಟ್ಟ. ಸ್ಸ್ಸ್ ಎಂದು ಉದ್ದಕ್ಕೆ ಒಂದು ಉಸಿರು ಹೊರಬಂತು. ಅಂಗಳದ ಧೂಳು ಒಂದು ಗೇಣು ಸರಿಯಿತು.

"ಅಯ್ಯೋ ಅಣ್ಣ! ಎಲ್ಲಾ ಸುರಿದುಬಿಟ್ಟೆಯಲ್ಲೋ!"

ಅವನು ನೆಲ ನೋಡಿದ, ಮೆತ್ತಗಾದ ಬಾಟಲಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಪೂರ್ತಿ ಅವಳೇ ಕುಡಿದುಬಿಟ್ಟಳು ಕಣೆ! ಒಂದು ತೊಟ್ಟೂ ಬಿಡಲಿಲ್ಲ!" ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬೆನ್ನು ನೀವುತ್ತಾ ಕೂತೆ. ಸುಧಾರಿಸಿಕೊಂಡ ಮೇಲೆ ಬಾಟಲಿಯೊಳಗೆ ಮೂಗು ಇಟ್ಟು ಮೂಸಿದ. "ಕಿತ್ತಳೆ ವಾಸನೆ. ನಿನ್ನ ಸಮುದ್ರದಲ್ಲಿ ಕಿತ್ತಳೆ ತೋಟ ಇದೆಯಾ?"

ನನಗೆ ನಗು ಬರಲಿಲ್ಲ, ಕೆಟ್ಟ ಕೋಪ ಬಂತು. "ಹಾಸ್ಯ ಮಾಡಬೇಡ. ನೀನು ಸಾಯೋದು ನಂಗೆ ಬೇಡ ಅಣ್ಣ. ಅಷ್ಟೇ. ಇನ್ನೇನು ತರಬೇಕಿತ್ತೋ ನಂಗೆ ಗೊತ್ತಾಗಲಿಲ್ಲ," ಎಂದು ಅತ್ತುಬಿಟ್ಟೆ. ಅಮ್ಮ ಹೋದಾಗಲೂ ಅವನ ಮುಂದೆ ಹಾಗೆ ಅತ್ತಿರಲಿಲ್ಲ.

ಅವನು ಧೂಳು ಸರಿದ ಜಾಗವನ್ನು ನೋಡಿದ. ಕೈ ಚಾಚಿ ಆ ನೆಲವನ್ನು ಒಮ್ಮೆ ಸವರಿದ.

"ಕಸಿ."

"ಏನು?"

"ಅವಳಿಗೆ ಕೊಟ್ಟಾಯ್ತು. ಇನ್ನು ಅವಳೇನೂ ಅನ್ನಲ್ಲ." ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತಾ ಕೂತ. "ನಿಕನೋರಾ ಮನೇಲಿ ಮಲ್ಕೊಂಡು ನಿದ್ದೆ ಮಾಡಬಹುದಾ?"

"ಮಲ್ಕೊಳ್ಳೋದಕ್ಕೇ ಅಲ್ವಾ ಕೋಣೆ ಮಾಡಿರೋದು?"

"ಹಂಗಲ್ಲ. ಹಿಂಗೆ ಗೋಡೆಗೆ ಒರಗಿ ಕೂತು ಅಲ್ಲ. ಬೆನ್ನು ನೆಲಕ್ಕೆ ಹಾಕಿ, ಕಾಲು ಚಾಚಿ. ಉಸಿರು ಕಟ್ಟುತ್ತೆ ಅಂತ ನಾನು ಹಂಗೆ ಮಲಗದೆ ಎರಡು ವರ್ಷ ಆಯ್ತು."

ದಿನಾ ಬೆಳಗ್ಗೆ ಬಂದು ಅವನನ್ನು ನೋಡುತ್ತಿದ್ದವಳು ನಾನು. ಅವನು ಬಿಸಿಲಿಗೆ ಅಂತ ಗೋಡೆಗೆ ಒರಗಿರುತ್ತಾನೆ ಅಂದುಕೊಂಡಿದ್ದೆ.

"ಮಲಗಬಹುದು ಅಣ್ಣ," ಎಂದೆ.

"ಹಂಗಾದ್ರೆ ಕರ್ಕೊಂಡು ಹೋಗು," ಎಂದ ಎಲಿಯೋದೊರೊ.